ಸಬ್ರಿಯ ಭಟ್ಟಿಗೆ ಕೊಟ್ಟ ದೀಪ

ಶೌಕಿ ಆ ದೀಪ ತಂದು ಊಟದ ಮೇಜಿನ ಮೇಲಿಟ್ಟಾಗ ರಂಜಾನ್ ಶುರುವಾಗಿ ಒಂದು ವಾರ ಕಳೆದಿರಬೇಕು. ಕರೆಂಟು ಹೋದರೆ ತಾನಾಗಿ ಹೊತ್ತಿಕೊಳ್ಳುವ, ಗೋಡೆಗೆ ತೂಗುಹಾಕುವ ಬಿಳಿ ಚಾರ್ಜಿಂಗ್ ದೀಪ. ಉಪವಾಸ ಬಿಡುವ ಬಾಂಗಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಒಳಗೆ ಹೆಂಡತಿ ಇನ್ಶಿರಾ ಮುಲುಖಿಯಾ ಸೊಪ್ಪಿನ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಕೊಡುತ್ತಿದ್ದಳು. ಆ ವಾಸನೆಗೆ ಮನೆಯವರೆಲ್ಲರ ಹೊಟ್ಟೆಯೂ ಚುರುಗುಟ್ಟುತ್ತಿತ್ತು.

"ಗಲಾಲ್, ಇದನ್ನ ಸಬ್ರಿಗೆ ಕೊಟ್ಟು ಬಾ. ಭಟ್ಟೀಲಿ ಕರೆಂಟು ಹೋದ್ರೆ ಕತ್ತಲಲ್ಲಿ ರೊಟ್ಟಿ ಎಣಿಸ್ತಾನೆ ಪಾಪ. ರಂಜಾನಿನ ಉಡುಗೊರೆ ಅನ್ನು," ಎಂದ ಮಗನಿಗೆ.

ಇನ್ಶಿರಾ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಸಬ್ರಿ ಅವಳ ತಮ್ಮ, ಬೀದಿಯ ಕೊನೆಯಲ್ಲಿರುವ ಪಡಿತರ ರೊಟ್ಟಿ ಭಟ್ಟಿಯ ಯಜಮಾನ. ಇನ್ಶಿರಾಳ ಮಗಳು ನವಾರಾಳ ಮದುವೆಯಲ್ಲಿ ಮಾಂಸ ಸಾಲಲಿಲ್ಲ ಎಂಬ ಮಾತಿಗೆ ಭಾವನಿಗೂ ಮೈದುನನಿಗೂ ಜಗಳವಾಗಿ, ಅಂದಿನಿಂದ ಇಬ್ಬರಿಗೂ ಮಾತಿರಲಿಲ್ಲ.

"ನೀವೇ ಕೊಡ್ತಿದ್ದೀರಾ? ಅವನಿಗಾ?"

"ಯಾಕೆ, ಕೊಡಬಾರ್ದಾ?"

"ಹಸಿದ ಹೊಟ್ಟೆ ಕಣೆ ಅದು," ಎಂದಳು ಸೋಫಾದ ಮೂಲೆಯಿಂದ ಶೌಕಿಯ ತಾಯಿ ಜನ್ನೂಬಾ. "ಉಂಡ ಮೇಲೆ ಮನಸ್ಸು ತಿರುಗುತ್ತೆ. ಈಗಲೇ ಮೊಮ್ಮಗನ ಕೈಗೆ ಕೊಟ್ಟು ಓಡಿಸು."

ಗಲಾಲ್ ದೀಪವನ್ನು ತಿರುಗಿಸಿ ನೋಡಿದ. ಅಂಥದೇ ದೀಪಗಳಿಗೆ ಹಿಂದಿನ ವಾರ ಅಂಗಡಿಯಲ್ಲಿ ಕೂತು ತಂತಿ ಬೆಸೆದವನು ಅವನೇ. ಅವುಗಳಲ್ಲಿ ಬಲ್ಬುಗಳ ಸಾಲಿನ ನಡುವೆ, ಬಿಚ್ಚದೆ ಗೊತ್ತಾಗದ ಹಾಗೆ, ಸಾಸಿವೆಯಷ್ಟು ದಪ್ಪದ ಕ್ಯಾಮೆರಾ, ಅದರ ಹಿಂದೆ ಮಾತು ಹಿಡಿಯುವ ಚಿಕ್ಕ ಯಂತ್ರ.

"ಬಾಬಾ, ಇದು ತನಿಖೆಯ ಬಾಷಾ ಹೇಳಿ ಮಾಡಿಸಿದ್ದಲ್ಲ ತಾನೆ?"

"ಅವು ಕಾಲುವೆ ಆಚೆ ಹಿಟ್ಟಿನ ಮಂಡಿಗೆ ಹೋದ್ವು. ಇದು ಬರೀ ದೀಪ. ನಿಮ್ಮಮ್ಮನ ತಮ್ಮನಿಗೆ ನಾನು ಅಂಥದ್ದು ಕೊಡ್ತೀನಾ?"

"ಬಿಚ್ಚಿ ನೋಡ್ಲಾ?"

"ಬಿಚ್ಚು. ಹೆತ್ತಪ್ಪನ ಮೇಲೆ ನಂಬಿಕೆ ಇಲ್ಲದಿದ್ರೆ ಇಲ್ಲೇ, ಎಲ್ಲರ ಮುಂದೆ ಬಿಚ್ಚು."

ಇನ್ಶಿರಾ ಆಗಲೇ ಕಣ್ಣೊರೆಸಿಕೊಂಡು ಒಂದು ತಟ್ಟೆ ತುಂಬ ಖರ್ಜೂರ ಹಾಕುತ್ತಿದ್ದಳು, ದೀಪದ ಜೊತೆ ಅದೂ ತಮ್ಮನ ಮನೆಗೆ ಹೋಗಲಿ ಎಂದು. ಅವಳ ಮುಖ ನೋಡಿ ಗಲಾಲ್ ಬಿಚ್ಚಲಿಲ್ಲ.

ಶೌಕಿಯ ಅಂಗಡಿ ತಂತಾ ಪೇಟೆಯ ಮಿಠಾಯಿ ಅಂಗಡಿಗಳ ಹಿಂದಿನ ಓಣಿಯಲ್ಲಿ. ಬೋರ್ಡಿನ ಮೇಲೆ ರೇಡಿಯೋ, ಟಿವಿ ರಿಪೇರಿ ಎಂದಿದ್ದರೂ ಅದು ಅಪ್ಪನ ಕಾಲದ ಬೋರ್ಡು. ಈಗ ಟಿವಿ ರಿಪೇರಿ ಮಾಡಿಸುವವರು ಯಾರಿದ್ದಾರೆ? ಅಂಗಡಿ ನಡೆಯುತ್ತಿದ್ದದ್ದು ತನಿಖೆಯವರಿಂದ. ಮಾತು ಹಿಡಿಯುವ ಪೆನ್ನು, ಅಂಗಿಯ ಗುಂಡಿಯಲ್ಲಿ ಕೂರುವ ಕ್ಯಾಮೆರಾ, ಪ್ಲಗ್ಗಿನೊಳಗೆ ಅಡಗುವ ರೆಕಾರ್ಡರು, ಹೀಗೆ ಕಚೇರಿಯವರು ಬಂದು ಕೇಳಿದ್ದನ್ನೆಲ್ಲ ಶೌಕಿ ತರಿಸಿ ಕೊಡುತ್ತಿದ್ದ. ಕೆಟ್ಟರೆ ರಿಪೇರಿ, ತುಂಬಿದರೆ ಖಾಲಿ ಮಾಡಿಕೊಡುವುದು, ಗಲಾಟೆಯಲ್ಲಿ ಮಾತು ಕೇಳಿಸದಿದ್ದರೆ ಸದ್ದು ತೆಗೆದು ಮಾತು ಎತ್ತಿಕೊಡುವುದು, ಎಲ್ಲ ಅವನದೇ. ದುಡ್ಡು ಕೊಡುವುದರಲ್ಲಿ ಕಚೇರಿಯವರು ಬಹಳ ನಿಧಾನ. ಆದರೆ ಪಡಿತರ ತನಿಖೆಯ ಅಧಿಕಾರಿ ಅಶ್ಮಾವಿ ಬಾಷಾ ಸಹಿ ಹಾಕದಿದ್ದರೆ ಕ್ಯಾಮೆರಾ ತುಂಬಿದ ಒಂದು ಡಬ್ಬಿಯೂ ಬಂದರಿನಿಂದ ಹೊರಗೆ ಬರುತ್ತಿರಲಿಲ್ಲ. ಶಾಲೆಗೆ ಬೆನ್ನು ತೋರಿಸಿ ಹದಿನಾರಕ್ಕೇ ಅಂಗಡಿ ಸೇರಿದ ಗಲಾಲ್, ಆ ಬಾಷಾ ಬಂದಾಗಲೆಲ್ಲ ತನ್ನ ಅಪ್ಪ ಕುರ್ಚಿ ಒರೆಸಿ ಕೊಡುವುದನ್ನು ನೋಡುತ್ತ ಬೆಳೆದಿದ್ದ. ನೋಡಿ ನೋಡಿ ಅವನ ಮೈ ಉರಿಯುತ್ತಿತ್ತು.

ಭಟ್ಟಿಯಲ್ಲಿ ಸಬ್ರಿ ಮಾವ ದೀಪ ಕೈಗೆ ತೆಗೆದುಕೊಂಡು ಗಟ್ಟಿಯಾಗಿ ನಕ್ಕ.

"ಏನೋ ಇದು, ನಿಮ್ಮಪ್ಪ ಸಾಯೋಕೆ ಮುಂಚೆ ಪಾಪ ತೊಳ್ಕೊಳ್ತಿದ್ದಾನಾ?"

"ಬೇಡದಿದ್ರೆ ವಾಪಸ್ಸು ಕೊಡಿ ಮಾವ."

"ಯಾರಪ್ಪ ಕೊಡ್ತಾರೆ! ನಿಮ್ಮಪ್ಪನ ಕೈಯಿಂದ ಒಂದು ವಸ್ತು ಬಿಡಿಸೋಕೆ ನಮ್ಮಕ್ಕನಿಗೆ ಇಡೀ ಆಯಸ್ಸು ಬೇಕಾಯ್ತು. ಹಾಕು, ಹಾಕು."

ಎಲ್ಲಿ ಹಾಕಬೇಕೆಂದು ಶೌಕಿ ಮೊದಲೇ ಹೇಳಿಕೊಟ್ಟಿದ್ದ: ರೊಟ್ಟಿ ಕೊಡುವ ಕಟಕಟೆಗೂ ಹಿಟ್ಟಿನ ಕೋಣೆಗೂ ನಡುವಿನ ಬಾಗಿಲ ಮೇಲೆ, ಅಲ್ಲಿ ಪ್ಲಗ್ ಇದೆ. ಗಲಾಲ್ ಸ್ಟೂಲಿನ ಮೇಲೆ ಹತ್ತಿ ತನ್ನ ಕೈಯಾರೆ ಮೊಳೆ ಹೊಡೆದು ತೂಗುಹಾಕಿದ. ಕೆಳಗೆ ಸಾಲಿನಲ್ಲಿ ನಿಂತ ಹೆಂಗಸರು ಚಪ್ಪಾಳೆ ತಟ್ಟಿದರು. ಗಲಾಲನ ಮನೆಯಿರುವ ಕಟ್ಟಡದ ನೆಲಮಹಡಿಯಲ್ಲಿದ್ದ ಅತಿಯಾತ್ ಎಲ್ಲರಿಗಿಂತ ಜೋರಾಗಿ, "ಮದುವೆ ಮನೆ ಥರ ಆಯ್ತು ನೋಡು! ಗಲಾಲ್, ಮೆಟ್ಟಿಲಿಗೂ ಒಂದು ಹಾಕೋ ಮಹರಾಯ, ತೊಳೆಯೋಳು ನಾನು, ಬಿದ್ದು ಸಾಯ್ತೀನಿ," ಎಂದಳು. ಗಂಡ ಸತ್ತ ಮೇಲೆ ಕಟ್ಟಡದ ಮೆಟ್ಟಿಲು ತೊಳೆದು ಇಬ್ಬರು ಮಕ್ಕಳನ್ನೂ ಅತ್ತೆಯನ್ನೂ ಸಾಕುತ್ತಿದ್ದವಳು ಅವಳು.

*

ರಂಜಾನಿನ ಕೊನೆಯ ವಾರ ಬಂದಿತು ಎಂದರೆ ಬೀದಿಯ ಹೆಂಗಸರಿಗೆ ಒಂದೇ ಚಿಂತೆ, ಈದಿಗೆ ಕಹಕ್. ತುಪ್ಪ ಹಿಟ್ಟು ಕಲಸಿ, ನಡುವೆ ಖರ್ಜೂರ ತುಂಬಿ, ಮೇಲೆ ಚಿಮಟದಿಂದ ಚಿತ್ತಾರ ಹಿಂಡಿ, ದೊಡ್ಡ ಕಪ್ಪು ತಗಡುಗಳಲ್ಲಿ ಜೋಡಿಸಿ ತಲೆಯ ಮೇಲೆ ಹೊತ್ತು ಭಟ್ಟಿಗೆ ಒಯ್ದು ಬೇಯಿಸಿಕೊಂಡು ಬರಬೇಕು. ಆ ವರ್ಷ ಇನ್ಶಿರಾಳಿಗೆ ಎಂದಿಗಿಂತ ಹೆಚ್ಚು ಕೆಲಸ. ನವಾರಾಳಿಗೆ ಮದುವೆಯಾದ ಮೇಲೆ ಇದೇ ಮೊದಲನೆಯ ಈದ್. ಹೆಣ್ಣಿನ ತವರಿನಿಂದ ಗಂಡನ ಮನೆಗೆ ಡಬ್ಬಿಗಟ್ಟಲೆ ಕಹಕ್ ಹೋಗಬೇಕು. ಕಡಿಮೆಯಾದರೆ ಮಹಲ್ಲಾ ಊರಿನ ಆ ಬೀಗಿತ್ತಿ ವರ್ಷವಿಡೀ ಚುಚ್ಚುತ್ತಾಳೆ.

ಇನ್ಶಿರಾ ನೆಲದ ಮೇಲೆ ಬಟ್ಟೆ ಹಾಸಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಒಂದು ಸಲ ದಪ್ಪ ಜರಡಿ, ಇನ್ನೊಂದು ಸಲ ರೇಷ್ಮೆಯದು. ತವುಡು ತಾರಸಿಯ ಮೇಲಿನ ಬಾತುಕೋಳಿಗಳಿಗೆ. ಮೈಯೆಲ್ಲ ಬೆಳ್ಳಗಾಗಿತ್ತು.

ಶೌಕಿ ಅವಳನ್ನು ದಾಟಿಕೊಂಡು ಹೋಗುತ್ತ, "ಇದೇನು ದೆವ್ವದ ಹಾಗೆ ಕಾಣ್ತೀಯ! ದಾರೀಲಿ ಕೂತ್ರೆ ಓಡಾಡೋದು ಹೇಗೆ?" ಎಂದ.

"ಹಾರಿ ಹೋಗಿ. ಈದಿನ ದಿನ ಹತ್ತು ಹತ್ತು ಬಾಯಿಗೆ ಹಾಕ್ಕೊಳ್ವಾಗ ದಾರಿ ನೆನಪಾಗಲ್ಲ ಅಲ್ವಾ?"

"ಬಾಬಾ, ನೀವೂ ಒಂದು ಜರಡಿ ಹಿಡೀರಿ," ಎಂದ ಗಲಾಲ್.

"ನನಗೆ ಬೇರೆ ಕೆಲಸ ಇಲ್ವಾ?" ಎಂದು ಅವನು ಚಪ್ಪಲಿ ಮೆಟ್ಟಿ ಹೊರಟುಹೋದ.

*

ಈದಿಗೆ ಎರಡು ದಿನವಿದ್ದಾಗ ಮಧ್ಯಾಹ್ನ ಅತಿಯಾತ್ ಮೆಟ್ಟಿಲು ಹತ್ತಿ ಓಡಿಬಂದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಅಕ್ಕಾ, ಸಬ್ರಿಯಣ್ಣನ್ನ ಎಳ್ಕೊಂಡು ಹೋದ್ರು! ಭಟ್ಟಿಗೆ ಕೆಂಪು ಅರಗು ಒತ್ತಿದ್ರು. ಒಳಗೆ ರೊಟ್ಟಿ ಬೇಯ್ತಾ ಇತ್ತು ಅಕ್ಕಾ, ಅದನ್ನೂ ತೆಗೆಯೋಕೆ ಬಿಡಲಿಲ್ಲ, ಸುಟ್ಟ ವಾಸನೆ ಬೀದಿ ತುಂಬ!"

"ಯಾಕೆ? ಏನು ಮಾಡಿದ?"

"ಸರ್ಕಾರಿ ಹಿಟ್ಟು ಹಿಂಬಾಗಿಲಿಂದ ಮಾರಿದ ಅಂತೆ. ಬಂದೋರೇ ಮೊದಲು ಆ ದೀಪ ಇಳಿಸಿದ್ರು, ಬಟ್ಟೇಲಿ ಸುತ್ತಿ ಇಟ್ಕೊಂಡ್ರು. ದೀಪ ಯಾಕಕ್ಕಾ ಬೇಕು ಅವರಿಗೆ?"

ಇನ್ಶಿರಾ ಗಲಾಲನ ಮುಖ ನೋಡಿದಳು. ಮೊಳೆ ಹೊಡೆದ ಕೈ ಅವನದು.

ಸಂಜೆ ಮೇಜಿನ ಮೇಲೆ ಊಟ ಇಟ್ಟಿತ್ತು. ಬಾಂಗ್ ಆಯಿತು, ಯಾರೂ ಖರ್ಜೂರಕ್ಕೂ ಕೈ ಹಾಕಲಿಲ್ಲ. ಜನ್ನೂಬಾ ಮಾತ್ರ ನೀರು ಕುಡಿದು, ರೊಟ್ಟಿ ಮುರಿದು ಸಾರಲ್ಲಿ ನೆನೆಸಿ ಮೆಲ್ಲಗೆ ನುಂಗುತ್ತಿದ್ದಳು.

"ಹೇಳಿ," ಎಂದಳು ಇನ್ಶಿರಾ. "ನನ್ನ ತಮ್ಮನ ಮನೆಗೆ ಹಾವು ಕಳಿಸಿದ್ದು ನೀವೇ ತಾನೆ? ಖರ್ಜೂರದ ಜೊತೆ?"

"ಬಾಷಾ ಹೇಳಿದ್ರೆ ಇಲ್ಲ ಅನ್ನೋಕಾಗುತ್ತಾ? ಲೈಸೆನ್ಸು ಕಿತ್ಕೊಂಡ್ರೆ ನಾಳೆಯಿಂದ ನೀನೇ ಮೇಜಿನ ಮೇಲೆ ಏನಿಡ್ತೀಯ? ಸಬ್ರಿ ಏನು ಸಂತನಾ? ಮಾರಿದ್ದು ಸುಳ್ಳಾ?"

"ಬೀದಿಯೋರಿಗೆ ಈದಿಗೆ ಅಂತ ಕೊಟ್ಟ! ಎಲ್ಲಾ ಭಟ್ಟಿಯೋರೂ ಕೊಡ್ತಾರೆ!"

"ದಂಡ ಹಾಕಿ ಬಿಡ್ತಾರೆ ಅಂತ ಮಾತು ಕೊಟ್ಟಿದ್ದಾರೆ."

"ಯಾರು ಕೊಟ್ಟಿದ್ದು?" ಗಲಾಲ್ ಎದ್ದು ನಿಂತ. "ಆ ಅಶ್ಮಾವಿನಾ? ಕಾಲುವೆ ಆಚೆ ಮಂಡಿಯಿಂದ ಲಾರಿ ಲಾರಿ ಸರ್ಕಾರಿ ಹಿಟ್ಟು ಹೊರಗೆ ಹೋಗುತ್ತೆ, ಊರಿಗೆಲ್ಲ ಗೊತ್ತು. ಅಲ್ಲಿಗೆ ದೀಪ ಹೋಗಿದೆಯಾ ಬಾಬಾ? ನನ್ನ ಹತ್ರ ಎರಡು ಮಾಡಿಸಿದ್ರಲ್ಲ, ಇನ್ನೊಂದು ಎಲ್ಲಿದೆ?"

ಶೌಕಿ ನೀರಿನ ಲೋಟ ಆಚೆ ಸರಿಸಿದ.

"ಹೇಳಿ! ಇನ್ನೊಂದು ಯಾರ ಮನೇಲಿ ಉರೀತಾ ಇದೆ?"

"ಕೂತ್ಕೊಂಡು ತಿನ್ನು," ಎಂದಳು ಅಜ್ಜಿ. "ಕೂಗಿದ್ರೆ ಸಬ್ರಿ ಬರ್ತಾನಾ? ಸಾರು ಆರಿಹೋಗುತ್ತೆ ಅಷ್ಟೆ."

"ನಿಮ್ಮ ಮಗ ಅಂತ ಹಾಗಂತೀರ ಅತ್ತೆ."

"ಹೌದಮ್ಮ, ನನ್ನ ಮಗನೇ. ನಿನ್ನ ತಮ್ಮನ ಥರ ಒಳಗೆ ಹೋಗಿ ಕೂರದೆ ಮನೆಗೆ ಬರ್ತಾನಲ್ಲ, ಅದಕ್ಕೆ ಸುಮ್ನಿದ್ದೀನಿ."

ಇನ್ಶಿರಾ ಸಾರಿನ ಪಾತ್ರೆ ಎತ್ತಿಕೊಂಡು ಹೋಗಿ ಬಚ್ಚಲಿಗೆ ಸುರಿದಳು. ಆ ರಾತ್ರಿಯಿಂದ ಅವಳ ಹಾಸಿಗೆ ಅತ್ತೆಯ ಕೋಣೆಗೆ ಹೋಯಿತು.

ಈದ್ ಬಂದಿತು, ಹೋಯಿತು. ಭಟ್ಟಿ ಮುಚ್ಚುವ ಮೊದಲೇ ಬೆಂದಿದ್ದ ಕಹಕ್ ತಗಡಿನ ಡಬ್ಬಿಗಳಲ್ಲಿ ಹಾಗೇ ಕೂತಿತ್ತು. ಹಬ್ಬದ ದಿನ ಬೀದಿಯವರು ಯಾರೂ ಮೇಲೆ ಬರಲಿಲ್ಲ. ದೀಪದ ಸಂಗತಿ ಹರಡಿತ್ತು, ಬಾಯಿಬಿಟ್ಟು ಯಾರೂ ಕೇಳದಿದ್ದರೂ ಶೌಕಿ ಮಸೀದಿಗೆ ಹೋದರೆ ಅವನ ಪಕ್ಕದ ಜಾಗ ಖಾಲಿ ಉಳಿಯುತ್ತಿತ್ತು. ರೊಟ್ಟಿಗಾಗಿ ಜನ ಕಾಲುವೆ ದಾಟಿ ಬೇರೆ ಭಟ್ಟಿಯ ಮುಂದೆ ಬಿಸಿಲಲ್ಲಿ ನಿಲ್ಲಬೇಕಾಗಿತ್ತು. ಅಲ್ಲಿನವರು, "ನಿಮ್ಮ ಬೀದಿಯೋರಿಗೆ ಇಲ್ಲ, ಹೋಗ್ರೋ," ಎಂದು ಅಟ್ಟುತ್ತಿದ್ದರು.

"ನವಾರಾಳ ಮನೆಗೆ ಕಹಕ್ ಕಳಿಸ್ಲೇಬೇಕು," ಎಂದು ಜನ್ನೂಬಾ ಪಟ್ಟು ಹಿಡಿದಳು. "ಅವಳು ಬಸುರಿ. ಆ ಹೆಂಗಸಿಗೆ ಬಾಯಿ ಕೊಡಬೇಡ."

"ನಂಗೆ ಕೈ ಬರಲ್ಲ ಅತ್ತೆ. ಆ ಡಬ್ಬಿ ಕಂಡ್ರೆ ಹೊಟ್ಟೆ ತೊಳಸುತ್ತೆ."

"ಹೊಟ್ಟೆ ಆಮೇಲೆ ತೊಳಸ್ಲಿ, ಮೊದಲು ಡಬ್ಬಿ ಕಟ್ಟು."

ಗಲಾಲ್ ಅವನ್ನು ಹೊತ್ತು ಮಹಲ್ಲಾದ ಬಸ್ಸು ಹತ್ತಿದ. ಬೀಗಿತ್ತಿ ಡಬ್ಬಿ ತೆರೆದು ಒಂದನ್ನು ಮುರಿದು ತಿಂದು, "ಪರವಾಗಿಲ್ಲ, ಬಾಯಲ್ಲಿ ಕರಗುತ್ತೆ. ಎಲ್ಲಿಯ ಹಿಟ್ಟಪ್ಪ ಇದು?" ಎಂದಳು. ಗಲಾಲ್ ನೀರು ಕೇಳಿ ಕುಡಿದ.

*

ಹಬ್ಬ ಕಳೆದ ವಾರ ಅಶ್ಮಾವಿ ಬಾಷಾ ಅಂಗಡಿಗೆ ಬಂದ. ಮೈಗೆ ಸೆಂಟು, ಕೈಯಲ್ಲಿ ಕಾರಿನ ಕೀಲಿ. ಶೌಕಿ ಕುರ್ಚಿ ಒರೆಸಿದ. ಬಾಷಾ ಆ ದೀಪದ ಚಿಕ್ಕ ಮೆಮೊರಿ ಕಾರ್ಡನ್ನು ಮೇಜಿನ ಮೇಲೆ ತಳ್ಳಿದ.

"ಶೌಕಿ, ಮಾರಿದವನು ಸಿಕ್ಕ. ಕೊಂಡವರು ಬೇಕು. ಕೊಂಡವರಿಲ್ಲದೆ ಮಾರಾಟ ಹೇಗಾಗುತ್ತೆ ಅಂತ ವಕೀಲ ಕೂಗ್ತಾನೆ. ನೋಡಿದೆ ನಾನು. ಹೆಚ್ಚು ಮಂದೀದು ಮುಖ ಕಾಣಲ್ಲ, ಬರೀ ಬೆನ್ನು. ಎರಡು ಮುಖ ಸ್ಪಷ್ಟ ಇದೆ, ಎರಡೂ ಹೆಂಗಸರು. ನನಗೆ ಒಂದು ಸಾಕು. ಹಳೇ ಪರಿಚಯ ಅಂತ ಹೇಳ್ತಿದ್ದೀನಿ: ನೀನೇ ನೋಡು, ಚೆನ್ನಾಗಿ ಶುದ್ಧ ಮಾಡಿ, ಒಂದು ಇಟ್ಟು ಕೊಡು."

"ಶುದ್ಧ ಅಂದ್ರೆ ಬಾಷಾ?"

"ನೋಡಿದ್ರೆ ಗೊತ್ತಾಗುತ್ತೆ," ಎಂದು ಅವನು ಚಹಾ ಕುಡಿಯದೆ ಎದ್ದ. ಹೊರಡುವಾಗ ಗಲಾಲನ ಭುಜ ತಟ್ಟಿ, "ನಿಮ್ಮಪ್ಪ ಪುಣ್ಯವಂತ. ಬೇರೆ ಅಧಿಕಾರಿಯಾಗಿದ್ರೆ ನೇರ ಮನೆಗೇ ಬರ್ತಿದ್ದ," ಎಂದ.

ತಂದೆ ಮಗ ಇಬ್ಬರೂ ಪರದೆಯ ಮುಂದೆ ಕೂತರು. ದೀಪ ಮೇಲಿನಿಂದ ನೋಡುತ್ತಿತ್ತು. ಹಿಟ್ಟಿನ ಕೋಣೆಯ ಬಾಗಿಲು, ಸಬ್ರಿಯ ಬೋಳು ನೆತ್ತಿ. ಆಮೇಲೆ ಕರಿ ನಿಲುವಂಗಿಯ ಹೆಂಗಸೊಬ್ಬಳು ಬಂದು ತಲೆಯೆತ್ತಿ ದೀಪವನ್ನೇ ನೋಡಿ ನಕ್ಕಳು.

"ಚೆನ್ನಾಗಿ ಉರಿಯುತ್ತಲ್ಲೋ ಸಬ್ರಿ, ಯಜಮಾನ್ರ ಉಡುಗೊರೆ! ಎರಡು ಚೀಲ ಬೇಕು ಕಣೋ, ನವಾರಾಳ ಮೊದಲನೇ ಈದು. ದುಡ್ಡು ತಗೋ, ಸುಮ್ನೆ ಬೇಡ. ಇವರನ್ನ ಕೇಳಿದ್ರೆ ಅಂಗಡಿಯಿಂದ ಒಳ್ಳೆ ಹಿಟ್ಟು ತಗೋ ಅಂತಾರೆ, ಜೇಬಿಗೆ ಮಾತ್ರ ಕೈ ಹಾಕಲ್ಲ."

ಶೌಕಿಯ ಮುಖ ಹಿಟ್ಟಿಗಿಂತ ಬಿಳಿಚಿತು.

"ಇವಳು ಸಬ್ರಿ ಹತ್ರ ಹಿಟ್ಟು ತರ್ತಾಳಾ?"

ಗಲಾಲನಿಗೆ ನಗು ಬಂದುಬಿಟ್ಟಿತು, ಕೆಟ್ಟ ನಗು. "ನಾನು ಹುಟ್ಟೋಕೆ ಮುಂಚಿಂದ ತರ್ತಾಳೆ. ಜರಡಿ ಹಿಡಿಯೋದು ಯಾಕೆ ಅನ್ಕೊಂಡಿದ್ರಿ? ಅಂಗಡಿ ಹಿಟ್ಟಲ್ಲಿ ಅಷ್ಟು ತವುಡು ಇರುತ್ತಾ? ತಾರಸಿ ಮೇಲೆ ಬಾತುಕೋಳಿಗಳು ಏನು ತಿಂತವೆ? ನಿಮ್ಮ ಮನೆ ಬಾತುಕೋಳಿಗಳಿಗೂ ಗೊತ್ತು ಬಾಬಾ!"

"ಯಾಕೆ ನನಗೆ ಹೇಳಲಿಲ್ಲ?"

"ಯಾವತ್ತು ಕೇಳಿದ್ರಿ?"

ಅಮ್ಮನ ಹಿಂದೆಯೇ ಪರದೆಯ ಮೇಲೆ ಇನ್ನೊಬ್ಬಳು ಬಂದಳು, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅತಿಯಾತ್. "ನಂಗೆ ಮೂರು ಕಿಲೋ ಸಾಕು ಸಬ್ರಿಯಣ್ಣ, ಮಕ್ಕಳು ಬಾಯಿ ಬಿಡ್ತಾವೆ," ಎಂದಳು. ಅವಳೂ ತಲೆಯೆತ್ತಿ ದೀಪ ನೋಡಿದಳು.

ಅಪ್ಪ ಚಿತ್ರ ನಿಲ್ಲಿಸಿದ. "ಸಂಜೆಯೊಳಗೆ ಕತ್ತರಿಸ್ಬೇಕು," ಎಂದ. "ನನ್ನ ಕಣ್ಣು ಕಾಣಲ್ಲ. ನೀನು ಮಾಡು."

"ಸತ್ರೂ ಮಾಡಲ್ಲ."

"ನಿಮ್ಮಮ್ಮ ಜೈಲಿಗೆ ಹೋಗ್ಲಾ?"

"ಕಳಿಸಿದ್ದು ನಾನಾ?" ಎಂದು ಗಲಾಲ್ ಕುರ್ಚಿ ಒದ್ದು ಮನೆಗೆ ಬಂದ.

*

ಇನ್ಶಿರಾ ಒಣಗಿದ ಬಟ್ಟೆ ಮಡಚುತ್ತಿದ್ದಳು. ಗಲಾಲ್ ಎಲ್ಲ ಹೇಳಿದ. ಬಾಗಿಲ ಬಳಿ ಶೌಕಿಯೂ ಬಂದು ನಿಂತಿದ್ದ, ಒಳಗೆ ಬರಲು ಅಪ್ಪಣೆ ಬೇಕೇನೋ ಎಂಬಂತೆ.

"ನನ್ನ ಮುಖ ಕಾಣುತ್ತಾ?" ಎಂದಳು ಇನ್ಶಿರಾ.

"ಕಾಣುತ್ತೆ. ಮಾತೂ ಕೇಳುತ್ತೆ."

"ಇನ್ನೊಂದು ಮುಖ ಯಾರದು?"

"ಅತಿಯಾತ್."

ಅವಳು ಒಂದು ಅಂಗಿ ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. ತಮ್ಮನನ್ನು ಎಳೆದೊಯ್ದ ದಿನದಿಂದ ಗಂಡನ ಮೇಲೆ ಬೆಂಕಿ ಕಾರಿದ ಅಮ್ಮ ಈಗ ಎದ್ದು ನಿಂತು ಅವನ ಕೊರಳ ಪಟ್ಟಿ ಹಿಡಿಯುತ್ತಾಳೆ ಎಂದು ಗಲಾಲ್ ಕಾಯುತ್ತಿದ್ದ.

"ನವಾರಾಳ ಅತ್ತೆಗೆ ಗೊತ್ತಾದ್ರೆ ಅವಳನ್ನ ವಾಪಸ್ಸು ಕಳಿಸ್ತಾಳೆ," ಎಂದಳು ಇನ್ಶಿರಾ ಬಟ್ಟೆಗೆ ಹೇಳುವಂತೆ. "ಹೊಟ್ಟೇಲಿ ಮಗು ಇಟ್ಕೊಂಡು ಬಂದು ಕೂರ್ತಾಳೆ. ಅತಿಯಾತಿಗೆ ಏನು ಮಾಡ್ತಾರೆ? ಮೂರು ಕಿಲೋ. ಬಡವಳು, ಮಕ್ಕಳಿದಾವೆ ಅಂತ ಬೈದು ಬಿಡ್ತಾರೆ. ನಂದು ಎರಡು ಚೀಲ."

"ಅಮ್ಮಾ!"

"ನನ್ನ ಮೇಲೆ ಕಣ್ಣು ಬಿಡಬೇಡ. ನಿಮ್ಮಪ್ಪ ಹೇಳಿದ್ದು ಮಾಡು."

"ಸಬ್ರಿ ಮಾವನಿಗೆ ದ್ರೋಹ ಆಯ್ತು ಅಂತ ಅನ್ನ ಬಿಟ್ಟವಳು ನೀನು! ಈಗ ಅತಿಯಾತಾ? ದಿನಾ ನಮ್ಮ ಬಾಗಿಲು ಗುಡಿಸೋಳು?"

"ಗುಡಿಸೋಳು ಅಂತಲೇ ಅವಳನ್ನ ಬಿಡ್ತಾರೆ ಅಂದೆ! ನಂಗೆ ಹೆದರಿಕೆ ಕಣೋ. ಸಕ್ಕರೆ ಕಾಯಿಲೆಯೋಳು ನಾನು, ಅಲ್ಲಿ ನೆಲದ ಮೇಲೆ ಮಲಗಿಸ್ತಾರೆ. ನಿಂಗೆ ಗೊತ್ತಾಗಲ್ಲ. ನೀನು ಕೂಗ್ತೀಯ, ಅಷ್ಟೆ. ಕೂಗಿ ಕೂಗಿ ಹೊರಗೆ ಹೋಗ್ತೀಯ."

"ಮಾಡ್ಲಿ ಬಿಡು," ಎಂದಳು ಒಳಗಿನಿಂದ ಜನ್ನೂಬಾ. "ಯಾರಾದ್ರೂ ಒಬ್ಬರು ಹೋಗ್ಲೇಬೇಕಲ್ಲ."

ಗಲಾಲ್ ಮಾಡಲಿಲ್ಲ. ಶೌಕಿ ಒಂದರ ಮೇಲೊಂದು ಕನ್ನಡಕ ಹಾಕಿಕೊಂಡು ತಾನೇ ಮಾಡಿದ.

ಅತಿಯಾತಳನ್ನು ಕರೆದೊಯ್ದಾಗ ಅವಳು ಮೆಟ್ಟಿಲು ತೊಳೆಯುತ್ತಿದ್ದಳು. ಬಕೆಟ್ಟು ಉರುಳಿ ನೀರು ಬೀದಿಯವರೆಗೂ ಹರಿಯಿತು. ಬೈದು ಬಿಡಲಿಲ್ಲ. ಸರ್ಕಾರಿ ಹಿಟ್ಟಿನ ವ್ಯಾಪಾರದಲ್ಲಿ ಪಾಲುಗಾರಳು ಎಂದು ಬರೆದುಕೊಂಡರಂತೆ, ವಾರ ಕಳೆದರೂ ಒಳಗೇ ಇಟ್ಟುಕೊಂಡರಂತೆ.

ಮನೆಯಲ್ಲಿ ಗಲಾಲ್ ಕೂಗಿದ. ಅಪ್ಪನ ಮುಖದ ಮೇಲೆ ಕೂಗಿದ, ಅಜ್ಜಿಯ ಕೋಣೆಯ ಬಾಗಿಲು ಬಡಿದು ಕೂಗಿದ, ಅಂಗಡಿಗೆ ಹೋಗುವುದು ನಿಲ್ಲಿಸಿದ. ಅಮ್ಮ ಹೇಳಿದ ಹಾಗೆ ಕೂಗಿ ಕೂಗಿ ಹೊರಗೆ ಹೋಗಿ ಕಾಫಿ ಅಂಗಡಿಯಲ್ಲಿ ಕೂರುತ್ತಿದ್ದ. ಮೆಟ್ಟಿಲ ಮೇಲೆ ಕಸ ಬೆಳೆಯುತ್ತಿತ್ತು. ಕೆಳಗಿನ ಮನೆಯ ಮಕ್ಕಳು ಬಾಗಿಲಲ್ಲಿ ಕೂತು ಹೋಗಿಬರುವವರ ಕೈಚೀಲ ನೋಡುತ್ತಿದ್ದವು.

*

ಒಂದು ಸಂಜೆ ಇನ್ಶಿರಾ ದೊಡ್ಡ ಪಾತ್ರೆಯಲ್ಲಿ ಅನ್ನ, ಮುಲುಖಿಯಾ, ಒಂದು ಬಾತುಕೋಳಿಯನ್ನೇ ಕೊಯ್ದು ಬೇಯಿಸಿಕೊಂಡು ಕೆಳಗೆ ಹೊರಟಳು. ಗಲಾಲ್ ಹಿಂದೆಯೇ ಹೋದ.

ಅತಿಯಾತಳ ಅತ್ತೆ ಉಮ್ ರಿಜ್ಕ್ ಚಾಪೆಯ ಮೇಲೆ ಕೂತಿದ್ದಳು, ಮೊಮ್ಮಕ್ಕಳು ಎರಡು ಪಕ್ಕಕ್ಕೆ.

"ಬಾರಮ್ಮ," ಎಂದಳು. "ದೇವರು ನಿನ್ನ ಕೈ ತಣ್ಣಗಿಡ್ಲಿ."

ಗಲಾಲನಿಗೆ ತಡೆಯಲಾಗಲಿಲ್ಲ. "ಹರಸಬೇಡಿ ಅಜ್ಜಿ! ಆ ಕ್ಯಾಮೆರಾದಲ್ಲಿ ಮೊದಲು ಇದ್ದಿದ್ದು ನಮ್ಮಮ್ಮ. ಎರಡು ಚೀಲ ತಂದಿದ್ದು ಇವಳು. ನಮ್ಮಪ್ಪ ಕತ್ತರಿಸಿ ನಿಮ್ಮ ಸೊಸೆ ಮುಖ ಇಟ್ಟು ಕೊಟ್ಟ!"

ಇನ್ಶಿರಾ ಕಣ್ಣು ಮುಚ್ಚಿಕೊಂಡಳು. ಮುದುಕಿ ಪಾತ್ರೆಯ ಮುಚ್ಚಳ ತೆಗೆದು ನೋಡಿದಳು.

"ಗೊತ್ತು," ಎಂದಳು. "ಆ ಎರಡು ಚೀಲ ನಿಮ್ಮ ಮಹಡಿಗೆ ಹೊತ್ತು ತಂದಿದ್ದು ಯಾರು ಅನ್ಕೊಂಡೆ? ನಿಮ್ಮಮ್ಮನಾ? ಅತಿಯಾತೇ ಹೊತ್ತಿದ್ದು. ಬೆನ್ನು ನೋವು ಅಂತ ರಾತ್ರಿಯೆಲ್ಲ ನನ್ನ ಹತ್ರ ಎಣ್ಣೆ ತಿಕ್ಕಿಸ್ಕೊಂಡ್ಳು."

"ಮತ್ತೆ ಅವಳು ಅಲ್ಲಿ ಹೇಳಲಿಲ್ವಾ?"

"ಹೇಳಿದ್ಳಂತೆ. ಕ್ಯಾಮೆರಾದಲ್ಲಿ ನೀನೊಬ್ಬಳೇ ಇದ್ದೀಯಲ್ಲೇ, ಕ್ಯಾಮೆರಾ ಸುಳ್ಳು ಹೇಳುತ್ತಾ ಅಂತ ಕೆನ್ನೆಗೆ ಹೊಡೆದ್ರಂತೆ." ಅವಳು ಅನ್ನ ಕಲಸಿ ದೊಡ್ಡ ಮಗುವಿನ ಬಾಯಿಗಿಟ್ಟಳು. "ನೀನು ನಂಗೆ ಹೇಳಿ ಏನಪ್ಪ ಪ್ರಯೋಜನ? ನಾನು ನ್ಯಾಯಾಧೀಶಳಾ? ಹೇಳೋದಿದ್ರೆ ಅಲ್ಲಿ ಹೇಳು. ನಾಳೆ ಬೆಳಿಗ್ಗೆ ನಾನು ಹೋಗ್ತೀನಿ. ಬರ್ತೀಯಾ?"

ಗಲಾಲ್ ಅಮ್ಮನ ಕಡೆ ನೋಡಲಿಲ್ಲ. "ಬರ್ತೀನಿ," ಎಂದ.

ಬೆಳಿಗ್ಗೆ ಶೌಕಿ ಮನೆಯ ಬಾಗಿಲಿಗೆ ಬೀಗ ಹಾಕಿ ಅದರ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತಿದ್ದ.

"ಕೀಲಿ ಕೊಡಿ ಬಾಬಾ."

"ಹೆತ್ತವಳನ್ನ ಜೈಲಿಗೆ ಹಾಕೋಕೆ ಹೊರಟಿದ್ದೀಯಲ್ಲೋ, ನಾಯಿ!"

"ನೀವು ಹೊರಟಾಗ ನಿಮಗೆ ಯಾರೂ ಬೀಗ ಹಾಕಲಿಲ್ಲ."

ಶೌಕಿ ಕೈಯೆತ್ತಿದ. ಅಷ್ಟರಲ್ಲಿ ಇನ್ಶಿರಾ ಕರಿ ನಿಲುವಂಗಿ ತೊಟ್ಟು, ತಲೆಗೆ ಬಟ್ಟೆ ಬಿಗಿದು ಹೊರಗೆ ಬಂದಳು. ಗಂಡನ ಜೇಬಿಗೆ ಕೈ ಹಾಕಿ ಕೀಲಿ ತೆಗೆದುಕೊಂಡಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಆ ಜೇಬಿಗೆ ಕೈ ಹಾಕಿದ್ದು ಅದೇ ಮೊದಲು.

"ಸರಿಯಿರಿ," ಎಂದಳು. "ಇವನು ಹೋದ್ರೆ ಅಲ್ಲೂ ಕೂಗಾಡಿ ಕೆಲಸ ಕೆಡಿಸ್ತಾನೆ. ನಾನೇ ಹೋಗ್ತೀನಿ."

"ಇನ್ಶಿರಾ, ಬೇಡ ಕಣೆ," ಎಂದ ಶೌಕಿ.

"ಅಮ್ಮಾ, ನಾನೂ ಬರ್ತೀನಿ—"

"ನೀನು ಇಲ್ಲೇ ಇರು. ಒಲೆ ಮೇಲೆ ಫೂಲ್ ಕಾಳು ಇದೆ, ತಳ ಹಿಡಿಯುತ್ತೆ. ನಿಮ್ಮಜ್ಜಿಗೆ ಹಲ್ಲಿಲ್ಲ, ಚೆನ್ನಾಗಿ ಮಸೆದು ಕೊಡು."

ಅವಳು ಕೆಳಗಿಳಿದು ಹೋಗುವ ಸದ್ದು ಕೇಳಿಸಿತು. ನೆಲಮಹಡಿಯಲ್ಲಿ ಒಂದು ಬಾಗಿಲು ತೆರೆಯಿತು, ಮುಚ್ಚಿತು. ಗಲಾಲ್ ಕಿಟಕಿಗೆ ಹೋಗಿ ನೋಡಿದ. ಇನ್ಶಿರಾ ಮುದುಕಿಯ ತೋಳು ಹಿಡಿದುಕೊಂಡು ನಿಧಾನವಾಗಿ ನಡೆಯುತ್ತಿದ್ದಳು, ಮಾರುಕಟ್ಟೆಗೆ ಹೊರಟವರ ಹಾಗೆ.

ಆ ದಿನ ಮುದುಕಿ ಒಬ್ಬಳೇ ಮರಳಿದಳು, ಇನ್ಶಿರಾ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಮನೆಯಲ್ಲಿ ಮೂವರೂ ಕೊಂಡುತಂದ ರೊಟ್ಟಿ, ಚೀಸು ತಿಂದು ಎದ್ದರು.

ಅದರ ಮರುದಿನ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಅತಿಯಾತ್ ನಿಂತಿದ್ದಳು. ಮುಖ ಇಳಿದುಹೋಗಿತ್ತು, ಎಡಗೆನ್ನೆ ಊದಿತ್ತು. ಶೌಕಿ ಅವಳನ್ನು ಕಂಡು ಗೋಡೆಯ ಕಡೆ ತಿರುಗಿಕೊಂಡ.

"ನನ್ನ ಬಿಟ್ರು," ಎಂದಳು ಗಲಾಲನಿಗೆ. "ನಿಮ್ಮಮ್ಮನ್ನ ಇಟ್ಕೊಂಡ್ರು. ನಿನ್ನೆ ರಾತ್ರಿ ಒಂದೇ ಕೋಣೇಲಿದ್ವಿ. ಕಾಲು ಊದಿಕೊಂಡಿದೆ. ಸಕ್ಕರೆ ಕಾಯಿಲೆ ಮಾತ್ರೆ ಬೇಕಂತೆ, ಒಂದು ಕಂಬಳಿ. ಸಂಜೆಯೊಳಗೆ ಕೊಟ್ರೆ ಒಳಗೆ ಬಿಡ್ತಾರೆ."

"ನನಗೆ ಏನಾದ್ರೂ ಹೇಳಿದ್ಳಾ?"

"ಮಾತ್ರೆ ಬೇಕು ಅಂದ್ಳು."

ಗಲಾಲ್ ಅಡಿಗೆಮನೆಗೆ ಓಡಿದ. ಒಂದು ಡಬ್ಬಿ ತೆರೆದ, ಜೀರಿಗೆ. ಇನ್ನೊಂದು, ಉಪ್ಪು. ಕಪಾಟು ಎಳೆದ, ಅದರಲ್ಲಿ ದಾರದುಂಡೆ, ಮೇಣದಬತ್ತಿ, ಹಳೆಯ ಚಮಚಗಳು. ದಿಂಬಿನ ಕೆಳಗೆ ನೋಡಿದ. ಅಜ್ಜಿಯ ಕೋಣೆಯಲ್ಲಿ ನೋಡಿದ.

"ಬಾಬಾ, ಅಮ್ಮ ಮಾತ್ರೆ ಎಲ್ಲಿಡ್ತಾಳೆ?"

ಶೌಕಿ ತಲೆಯೆತ್ತಿ ಮಗನನ್ನು ನೋಡಿದ. ಅವನಿಗೂ ಗೊತ್ತಿರಲಿಲ್ಲ.

ಅತಿಯಾತ್ ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ ಇಬ್ಬರನ್ನೂ ದಾಟಿ ಒಳಗೆ ಹೋದಳು. ಒಲೆಯ ಹಿಂದಿನ ಅಟ್ಟಕ್ಕೆ ಕೈ ಚಾಚಿ, ಚಹಾಪುಡಿ ಡಬ್ಬಿಯ ಹಿಂದಿನಿಂದ ಮಾತ್ರೆಯ ಪೊಟ್ಟಣ ತೆಗೆದು ಅವನ ಕೈಗಿಟ್ಟಳು.